ಊರು ನಿದ್ದೆಗೆಟ್ಟ ಭಾನುವಾರ

ನಮ್ಮ ಅತ್ತಿಗೆ ಕಾಳಿಂದಿ ಮದುವೆಯಾಗಿ ಬಂದ ಹದಿಮೂರನೆಯ ದಿನ, ಭಾನುವಾರ ಮಧ್ಯಾಹ್ನ ಉಂಡು ಮಲಗಿದವಳು ನಾಲ್ಕು ಗಂಟೆಗೆ ಎದ್ದು ಹಿತ್ತಲ ಬಾಗಿಲು ತೆಗೆದು ಚೀರಿಬಿಟ್ಟಳು. ಬೆಳಿಗ್ಗೆ ತಾನೇ ನೀರು ಸೇದಿದ ಬಾವಿ ಇದ್ದ ಕಡೆ ಬಸ್‌ಸ್ಟ್ಯಾಂಡ್ ಇತ್ತು. ಹೊರಡಲು ನಿಂತಿದ್ದ ಬಸ್ಸಿನ ಕಂಡಕ್ಟರ್ ಅವಳನ್ನು ನೋಡಿ, "ಬರ್ತೀರೇನಮ್ಮಾ, ಸೀಟಿದೆ" ಎಂದು ಕರೆದನಂತೆ. ನಾನೂ ಅಣ್ಣನೂ ಓಡಿಹೋಗಿ ಅವಳನ್ನು ಒಳಗೆ ಕರೆದುಕೊಂಡು ಬಂದು ನೀರು ಕೊಟ್ಟೆವು. ನಮ್ಮ ಊರಿನಲ್ಲಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಮನೆಗಳು ಜಾಗ ಬದಲಿಸುತ್ತವೆ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕು ಎಂದು ನಮಗೆ ಹೊಳೆದೇ ಇರಲಿಲ್ಲ. ಸಂಜೆಯಾದರೆ ಕತ್ತಲಾಗುತ್ತದೆ ಎಂದು ಹೊಸ ಸೊಸೆಗೆ ಯಾರಾದರೂ ಹೇಳಿಕೊಡುತ್ತಾರೆಯೇ?

ಹುಟ್ಟಿದಾಗಿನಿಂದ ನೋಡಿದವರಿಗೆ ಅದೊಂದು ದೊಡ್ಡ ಸಂಗತಿಯಲ್ಲ. ಎದ್ದು ಮುಖ ತೊಳೆದು, ಈ ತಿಂಗಳು ಪಕ್ಕದಲ್ಲಿ ಯಾರು ಬಂದಿದ್ದಾರೆ ಎಂದು ಕಿಟಕಿಯಿಂದ ಇಣುಕಿ, ಒಂದು ಲೋಟ ಸಕ್ಕರೆ ಕೇಳುವ ನೆಪದಲ್ಲಿ ಮಾತಾಡಿಸಿಕೊಂಡು ಬರುತ್ತಿದ್ದೆವು. ನೆರೆಹೊರೆಯ ಜಗಳಕ್ಕೆ ನಮ್ಮಲ್ಲಿ ತಿಂಗಳಿಗಿಂತ ಹೆಚ್ಚು ಆಯುಷ್ಯವಿಲ್ಲ. ಪೋಸ್ಟ್‌ಮ್ಯಾನ್ ಕಾಗದಗಳನ್ನು ಪೇಟೆ ಬೀದಿಯ ಕಟ್ಟೆಯ ಮೇಲೆ ಹರಡಿಕೊಂಡು ಕೂತು ಹೆಸರು ಕೂಗುತ್ತಾನೆ. ಪೇಟೆ ಬೀದಿಯ ಅಂಗಡಿಗಳು, ಶಾಲೆ, ಬಸ್‌ಸ್ಟ್ಯಾಂಡ್, ಇವು ಮಾತ್ರ ಇದ್ದಲ್ಲೇ ಇರುತ್ತವೆ.

ನಮ್ಮಣ್ಣ ನೀಲಕಂಠ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದ. ಮದುವೆಯ ಕಾಲದಲ್ಲಿ ಅವನು ಮನೆಗೆ ಬರುತ್ತಿದ್ದದ್ದೇ ಅಪರೂಪ. ಬಂದರೆ ಜೇಬಿನಲ್ಲಿ ದುಡ್ಡು, ಕೈಯಲ್ಲಿ ಲಾಡಿನ ಪೊಟ್ಟಣ. ಆಷಾಢ ಬಂತೋ, ಮದುವೆಯೂ ಇಲ್ಲ, ಮೆರವಣಿಗೆಯೂ ಇಲ್ಲ. ಪ್ರತಿವರ್ಷ ಆ ತಿಂಗಳು ಅವನು ಆರು ಗಂಟೆ ದೂರದ ಅಕ್ಕಿ ಗಿರಣಿಗೆ ಮೂಟೆ ಹೊರಲು ಹೋಗುತ್ತಿದ್ದ. ಮರಳಿ ಬರುವಾಗ ಎದೆಯಲ್ಲಿ ತೌಡಿನ ಧೂಳು, ಬೆರಳುಗಳಲ್ಲಿ ಸೆಳೆತ. ಶ್ರಾವಣದ ಮೊದಲ ಮದುವೆಯಲ್ಲಿ ಅವನ ಕ್ಲಾರಿಯೊನೆಟ್ ಎರಡೆರಡು ಸಲ ತಪ್ಪುತ್ತಿತ್ತು. ನಾನು ಶಾಲೆಯಲ್ಲಿ ಟೀಚರು. ನನ್ನ ಸಂಬಳವೂ ಸೇರಿ ಹೇಗೋ ಆಗುತ್ತದೆ, ಹೋಗಬೇಡ ಎಂದರೆ ಕೇಳುತ್ತಿರಲಿಲ್ಲ. ಅತ್ತಿಗೆ ಎಂಟು ಆಷಾಢ ಸುಮ್ಮನಿದ್ದಳು. ಒಂಬತ್ತನೆಯ ವರ್ಷ ಯುಗಾದಿಯ ದಿನ ಬೇವುಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತ, "ಮಂದಾ, ಈ ವರ್ಷ ನಿಮ್ಮಣ್ಣನ್ನ ಗಿರಣಿಗೆ ಕಳಿಸಲ್ಲ. ಅಡಿಗೆಮನೆ ಖರ್ಚಲ್ಲೇ ಹಿಡೀತೀನಿ, ನೋಡ್ತಿರು" ಎಂದಳು.

ಪೇಟೆಯಲ್ಲಿ ದಿನಸಿ ಅಂಗಡಿ ಒಂದೇ, ವೀರಭದ್ರ ಶೆಟ್ಟರದು. ಅವರು ಹೇಳಿದ್ದೇ ರೇಟು. ಅತ್ತಿಗೆ ಹೇಗೋ ಫೋನಿನಲ್ಲಿ ಒಂದು ಆ್ಯಪ್ ಹುಡುಕಿದಳು. ಬೇಳೆ, ಎಣ್ಣೆ, ಸೋಪು, ಯಾವುದಾದರೂ ಐದು ಸಾಮಾನಿಗೆ ತಿಂಗಳ ಚಂದಾ ಕಟ್ಟಿದರೆ ನೂರಕ್ಕೆ ಹದಿನೈದು ರೂಪಾಯಿ ಕಡಿಮೆ, ಮನೆಬಾಗಿಲಿಗೆ ತಂದುಕೊಡುವ ಖರ್ಚಿಲ್ಲ, ಬೇಡವಾದ ತಿಂಗಳು ಬೇಡ ಎನ್ನಬಹುದು. ಅವಳು ಅದನ್ನು ಪರೀಕ್ಷೆಗೆ ಓದುವವಳಂತೆ ಓದಿದಳು. ದೊಡ್ಡ ಡಬ್ಬಿ ಯಾವಾಗಲೂ ಅಗ್ಗವಲ್ಲ, ಎರಡು ಸಣ್ಣವು ಕೆಲವು ಸಲ ಅದಕ್ಕಿಂತ ಕಡಿಮೆ ಎಂಬುದನ್ನು ಕಂಡುಹಿಡಿದಳು. ಮೊದಲ ತಿಂಗಳು ಅಗ್ಗಕ್ಕೆ ಕೊಟ್ಟ ಚಹಾಪುಡಿ ಎರಡನೆಯ ತಿಂಗಳು ಸದ್ದಿಲ್ಲದೆ ಮೇಲೇರುತ್ತದೆ ಎಂಬುದನ್ನೂ ಹಿಡಿದಳು. ನಾಲ್ಕೇ ಸಾಮಾನು ಬೇಕಿದ್ದಾಗ ಐದನೆಯದಾಗಿ ಬೆಂಕಿಪೊಟ್ಟಣ ಸೇರಿಸಿ ರಿಯಾಯಿತಿ ಗಿಟ್ಟಿಸುತ್ತಿದ್ದಳು. ಒಂದು ಸಂಜೆ ಅಣ್ಣ, "ನನ್ನನ್ನ ನೋಡೋದಕ್ಕಿಂತ ಫೋನ್ ನೋಡೋದೇ ಜಾಸ್ತಿಯಾಯ್ತು" ಎಂದ. "ನಿಮಗೆ ರಿಯಾಯಿತಿ ಎಲ್ಲಿದೆ ಹೇಳಿ, ನೋಡ್ತೀನಿ" ಎಂದಳು.

ತೊಡಕಿದ್ದದ್ದು ಬೇರೆಲ್ಲೂ ಅಲ್ಲ, ನಮ್ಮ ಊರಲ್ಲೇ. ಕಂಪನಿಯ ಗಾಡಿ ನಮ್ಮ ಕಡೆಗೆ ತಿಂಗಳಿಗೆ ಒಂದೇ ಸಲ, ಮೊದಲ ಭಾನುವಾರ ಸಂಜೆ ಬರುತ್ತಿತ್ತು. ಒಂದು ವಾರ ಮುಂಚೆ ಕೊಟ್ಟ ವಿಳಾಸವನ್ನು ಆಮೇಲೆ ಬದಲಿಸುವ ಹಾಗಿರಲಿಲ್ಲ. ಪೇಟೆಯ ವಿಳಾಸ ಕೊಟ್ಟರೆ ಅಂಗಡಿಯವರೆಂದು ರಿಯಾಯಿತಿ ಹಾರಿಹೋಗುತ್ತಿತ್ತು. ಗಾಡಿ ಓಡಿಸುತ್ತಿದ್ದವಳು ಫ್ಲೋರಿನಮ್ಮ, ಇಪ್ಪತ್ತು ವರ್ಷ ಬಸ್ ಕಂಡಕ್ಟರಾಗಿದ್ದು ರಿಟೈರಾದವಳು. ಅವಳು ಫೋನಿನ ಮ್ಯಾಪ್ ಬಿಟ್ಟು ಬೇರೆ ದೇವರನ್ನು ನಂಬುತ್ತಿರಲಿಲ್ಲ. ಮೊದಲ ಸಲ ನಮ್ಮ ಬಾಗಿಲಿಗೆ ಬಂದು ಪೆಟ್ಟಿಗೆ ಇಳಿಸಿದಳು. ಬಿಚ್ಚಿ ನೋಡಿದರೆ ಎಂಟು ಪೊಟ್ಟಣ ಶ್ಯಾವಿಗೆ, ಐದು ಲೀಟರ್ ಹರಳೆಣ್ಣೆ, ಹಲ್ಲುಸೆಟ್ಟು ತೊಳೆಯುವ ಪುಡಿ.

"ಇದು ನಮ್ಮದಲ್ಲಮ್ಮಾ" ಎಂದಳು ಅತ್ತಿಗೆ.

"ಮ್ಯಾಪ್‌ನಲ್ಲಿ ಚುಕ್ಕೆ ಇಲ್ಲೇ ಇದೆ ಮೇಡಂ. ಚುಕ್ಕೆ ಇರೋ ಕಡೆ ಇಳಿಸೋದು ನನ್ನ ಕೆಲಸ. ಮನೆ ನಿಲ್ಲಿಸ್ಕೊಳ್ಳೋದು ನಿಮ್ಮ ಕೆಲಸ" ಎಂದು ಫ್ಲೋರಿನಮ್ಮ ಗಾಡಿ ತಿರುಗಿಸಿದಳು.

ಆ ಪೆಟ್ಟಿಗೆ, ಅತ್ತಿಗೆಯನ್ನು ನೋಡಿ ತಾನೂ ಚಂದಾ ಕಟ್ಟಿದ್ದ ಊರಿನ ಹಿರಿಯಳು ಸಂಕಮ್ಮಜ್ಜಿಯದು; ಬೆಳಿಗ್ಗೆ ಅವಳ ಮನೆಯಿದ್ದ ಕಡೆ ಈಗ ನಮ್ಮದಿತ್ತು. ನಮ್ಮದು ಊರಿನ ಇನ್ನೊಂದು ತುದಿಯಲ್ಲಿ, ಬೆಳಿಗ್ಗೆ ನಾವಿದ್ದ ಜಾಗಕ್ಕೆ ಬಂದು ಕೂತಿದ್ದ ಪಂಚಾಯ್ತಿ ಅಧ್ಯಕ್ಷ ಗುರುಸಿದ್ದಪ್ಪನವರ ಮನೆಗೆ ಹೋಗಿತ್ತು. ಅವರ ಹೆಂಡತಿ ಆಗಲೇ ನಮ್ಮ ತೊಗರಿಬೇಳೆಯಲ್ಲಿ ಸಾರು ಮಾಡಿ ಒಗ್ಗರಣೆ ಹಾಕಿಬಿಟ್ಟಿದ್ದಳು. ಅತ್ತಿಗೆ ಒಂದು ಪಾತ್ರೆ ತುಂಬ ಸಾರನ್ನೇ ವಸೂಲಿ ಮಾಡಿಕೊಂಡು ಬಂದಳು. ಉಳಿಸಿದ ದುಡ್ಡಿನಲ್ಲಿ ಅರ್ಧ ಆಟೋಗೆ ಹೋಯಿತು.

ಆದರೆ ಸುದ್ದಿ ನಿಲ್ಲಬೇಕಲ್ಲ. ಎರಡೇ ತಿಂಗಳಲ್ಲಿ ಮುನ್ನೂರು ಮನೆಗಳೂ ಚಂದಾ ಕಟ್ಟಿದವು. ಮೊದಲ ಭಾನುವಾರದ ಸಂಜೆ ಎಂದರೆ ಊರು ಸಂತೆಯಾಗುತ್ತಿತ್ತು. ಎಲ್ಲರೂ ಯಾರದೋ ಪೆಟ್ಟಿಗೆ ತಲೆಯ ಮೇಲೆ ಹೊತ್ತು ತಮ್ಮದನ್ನು ಹುಡುಕುತ್ತ ಓಡುತ್ತಿದ್ದರು. "ಎರಡು ಕೇಜಿ ಉದ್ದಿನಬೇಳೆ ಯಾರದ್ರೋ?" ಎಂದು ತಾರಸಿಯಿಂದ ಕೂಗು, "ನಮ್ಮ ಕೊಬ್ಬರಿ ಎಣ್ಣೆ ಯಾರ್ ತಲೆಗಾದ್ರೂ ಹಚ್ಚಿದ್ರೆ ಈಗಲೇ ಹೇಳ್ಬಿಡಿ" ಎಂದು ಕೆಳಗಿನಿಂದ ಬೆದರಿಕೆ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಜೋಯಿಸರ ಮನೆಗೆ ಗರಂ ಮಸಾಲೆಯ ಪೆಟ್ಟಿಗೆ ಹೋಗಿ, ವಾಪಸ್ಸು ಬರುವ ಹೊತ್ತಿಗೆ ಒಂದು ಪೊಟ್ಟಣ ಕಡಿಮೆಯಾಗಿತ್ತು. ಒಂದು ಸಲ ನಮಗೆ ಬಂದ ಪೆಟ್ಟಿಗೆಯ ಮೇಲೆ ಶೆಟ್ಟರ ಹೆಸರೇ ಇತ್ತು. ಒಳಗೆ ನೂರಿಪ್ಪತ್ತು ಸೋಪು. ಅತ್ತಿಗೆ ಅದನ್ನು ಅಂಗಡಿಗೇ ಹೊತ್ತುಕೊಂಡು ಹೋಗಿ ಕೌಂಟರಿನ ಮೇಲಿಟ್ಟು, "ಏನ್ ಶೆಟ್ರೇ, ಇಷ್ಟೊಂದು ಸ್ನಾನ ಮಾಡ್ತೀರಾ?" ಎಂದಳು. ಅಂದಿನಿಂದ ಶೆಟ್ಟರ ಅಂಗಡಿಯಲ್ಲಿ ಸೋಪಿನ ಬೆಲೆ ಮೂರು ರೂಪಾಯಿ ಇಳಿಯಿತು.

ನಗು ನಗುತ್ತಲೇ ಜ್ಯೇಷ್ಠ ಮುಗಿಯುತ್ತ ಬಂತು. ಆಗ ಕಂಪನಿಯಿಂದ ಎಲ್ಲರ ಫೋನಿಗೂ ಒಂದು ಮೆಸೇಜು ಬಂತು. ಈ ಊರಿನಿಂದ ದೂರುಗಳು ಹೆಚ್ಚಿವೆ, ಮುಂದಿನ ಸಲವೂ ಪೆಟ್ಟಿಗೆಗಳು ತಪ್ಪು ಮನೆ ಸೇರಿದರೆ ಇಲ್ಲಿಗೆ ಗಾಡಿ ಕಳಿಸುವುದನ್ನು ನಿಲ್ಲಿಸಲಾಗುತ್ತದೆ. ಅಣ್ಣ ಅದನ್ನು ಓದಿ ಅಟ್ಟದಿಂದ ತನ್ನ ಚೀಲ ಇಳಿಸಿ ಧೂಳು ಕೊಡವಿದ. ಬರುವ ಮೊದಲ ಭಾನುವಾರದ ಮರುದಿನ, ಸೋಮವಾರ ಬೆಳಗಿನ ಬಸ್ಸಿಗೆ ಗಿರಣಿಗೆ ಹೋಗುವುದೆಂದು ಮೇಸ್ತ್ರಿಗೆ ಫೋನು ಮಾಡಿದ. ಅತ್ತಿಗೆ ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಂಡಳು. ಅವಳು ಅಳುವವಳಲ್ಲ, ಆದರೆ ಅವತ್ತು ಚಪಾತಿ ಲಟ್ಟಿಸುವ ಸದ್ದು ಬೀದಿಗೆ ಕೇಳಿಸುತ್ತಿತ್ತು.

ಊಟಕ್ಕೆ ಕೂತಾಗ ನನ್ನನ್ನು ಕೇಳಿದಳು. "ಮಂದಾ, ಪೇಟೆ ಅಂಗಡಿಗಳು ಯಾಕೆ ಹೋಗಲ್ಲ?"

"ಅವು ಹೋಗಲ್ಲ ಅಷ್ಟೆ ಅತ್ತಿಗೆ."

"ಅಂಗಡೀಲಿ ಮಧ್ಯಾಹ್ನ ಯಾರೂ ಮಲಗಲ್ಲ. ಅಲ್ವಾ? ಮನೆ ಹೋಗೋದನ್ನ ಯಾರಾದ್ರೂ ಕಣ್ಣಾರೆ ನೋಡಿದಾರಾ?"

ನಾನು ಯೋಚಿಸಿದೆ. ಯಾರೂ ನೋಡಿರಲಿಲ್ಲ. ಆ ಹೊತ್ತಿನಲ್ಲಿ ಎಲ್ಲರೂ ನಿದ್ದೆಯಲ್ಲಿರುತ್ತಿದ್ದರು. ಅತ್ತಿಗೆ ಎರಡು ದಿನ ಮನೆಮನೆ ತಿರುಗಿ ವಿಚಾರಿಸಿದಳು. ಭಾನುವಾರ ಬೇರೆ ಊರಿಗೆ ಹೋಗಿದ್ದವರ ಮನೆಯೂ ಹೋಗಿತ್ತು. ಯಾಕೆಂದರೆ ಅವರು ಬಸ್ಸಿನಲ್ಲಿ ತೂಕಡಿಸಿದ್ದರು. ಹಲ್ಲುನೋವಿನಿಂದ ಒದ್ದಾಡಿದ, ಒಬ್ಬನೇ ಇರುವ ದರ್ಜಿಯ ಮನೆ ಮಾತ್ರ ಒಂದು ತಿಂಗಳು ಇದ್ದಲ್ಲೇ ಇತ್ತು. ಪಾಪ, ಅವನು ಅದನ್ನು ಹಲ್ಲಿನ ದೋಷವೆಂದುಕೊಂಡಿದ್ದ. ಅತ್ತಿಗೆ ನೇರವಾಗಿ ಗುರುಸಿದ್ದಪ್ಪನವರ ಹತ್ತಿರ ಹೋದಳು. "ಸಾರ್, ಮನೆಯವರಲ್ಲಿ ಒಬ್ಬರು ನಿದ್ದೆ ಮಾಡಿದ್ರೂ ಮನೆ ಹೋಗುತ್ತೆ. ಆ ಒಂದು ಭಾನುವಾರ ಎರಡರಿಂದ ನಾಲ್ಕರವರೆಗೆ ಊರಲ್ಲಿ ಯಾರೂ ಕಣ್ಣು ಮುಚ್ಚಬಾರದು. ಪೆಟ್ಟಿಗೆ ಎಲ್ಲಾ ಸರಿಯಾಗಿ ಬರುತ್ತೆ."

ಅಧ್ಯಕ್ಷರು ಎಲೆಅಡಿಕೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು. "ಭಾನುವಾರ ಉಂಡ ಮೇಲೆ ಮಲಗದೆ ಇರೋದಾ? ಅದು ಸಾಧ್ಯಾನಾ ತಾಯಿ? ನಮ್ಮ ತಾತನ ಕಾಲದಿಂದ ಯಾರೂ ಪ್ರಯತ್ನ ಮಾಡಿಲ್ಲ."

"ತೊಟ್ಟಿಲ ಮಕ್ಕಳ ನಿದ್ದೆ ಲೆಕ್ಕಕ್ಕಿಲ್ಲ, ಬುದ್ಧಿ ಬಂದೋರದು ಮಾತ್ರ ಲೆಕ್ಕ" ಎಂದು ಅಲ್ಲೇ ಕೂತಿದ್ದ ಸಂಕಮ್ಮಜ್ಜಿ ತೀರ್ಪು ಕೊಟ್ಟಳು. ಅವಳಿಗೆ ತೊಂಬತ್ತಾಗಿತ್ತು. ಎದುರಾಡಲು ಯಾರಿಗೂ ಧೈರ್ಯ ಬರಲಿಲ್ಲ.

ಬರೀ ಮಜ್ಜಿಗೆ ಅನ್ನ ಉಂಡರೆ ನಿದ್ದೆ ಬರುವುದಿಲ್ಲ ಎಂದು ಅತ್ತಿಗೆ ಸಲಹೆ ಕೊಟ್ಟಾಗ ಊರೇ ಬಂಡೆದ್ದಿತು. ಭಾನುವಾರ ಮಜ್ಜಿಗೆ ಅನ್ನ ಉಣ್ಣುವುದಕ್ಕಿಂತ ಮನೆ ಕಳೆದುಕೊಳ್ಳುವುದೇ ಮೇಲು ಎಂದರು. ಕೊನೆಗೆ ಎಲ್ಲರೂ ಪೇಟೆ ಬೀದಿಯಲ್ಲಿ ಒಟ್ಟಿಗೆ ಉಣ್ಣುವುದು, ಅಲ್ಲೇ ಒಬ್ಬರನ್ನೊಬ್ಬರು ಎಚ್ಚರಿಸುತ್ತ ಕೂರುವುದು ಎಂದಾಯಿತು. ಎಬ್ಬಿಸಲು ಬ್ಯಾಂಡ್‌ಸೆಟ್ಟು. ಆಷಾಢದಲ್ಲಿ ಅವರಿಗೆ ಬೇರೆ ಕೆಲಸವಾದರೂ ಏನಿತ್ತು? ಅಣ್ಣ, "ಹೇಗೂ ಸೋಮವಾರ ಹೊರಡ್ತೀನಿ. ಒಂದು ಸಲ ಮನಸ್ಸು ತುಂಬ ನುಡಿಸಿ ಹೋಗ್ತೀನಿ" ಎಂದು ಒಪ್ಪಿದ.

ಅತ್ತಿಗೆ ಬೆಳಗಿನ ಜಾವವೇ ಎದ್ದು ಹತ್ತು ಹೆಂಗಸರನ್ನು ಕಟ್ಟಿಕೊಂಡು ಅಡಿಗೆಗೆ ನಿಂತಳು. ಒಬ್ಬಟ್ಟು, ತುಪ್ಪ, ಚಿತ್ರಾನ್ನ, ಗಸಗಸೆ ಪಾಯಸ. ಗಸಗಸೆ ಪಾಯಸ ಬೇಡ ಎಂದು ಅವಳು ಕೈಮುಗಿದು ಕೇಳಿಕೊಂಡಳು. ಅದನ್ನು ಕುಡಿದರೆ ಆನೆಗೂ ನಿದ್ದೆ ಬರುತ್ತದೆ. ಯಾರೂ ಕೇಳಲಿಲ್ಲ.

ಎರಡು ಗಂಟೆಗೆ ಎಲೆ ಎತ್ತಿದರು. ಎರಡೂಕಾಲು ಗಂಟೆಗೆ ಊರಿನ ರೆಪ್ಪೆಗಳು ಜೋತುಬಿದ್ದವು. ಅಣ್ಣ ಕ್ಲಾರಿಯೊನೆಟ್ ಬಾಯಿಗಿಟ್ಟ. ಡೋಲಿನ ಬಾಬಾಜಾನ್ ಕೋಲು ಎತ್ತಿದ. ಆಮೇಲೆ ನಡೆದದ್ದನ್ನು ನಾನು ನೆನೆಸಿಕೊಂಡರೆ ಈಗಲೂ ಪಾಠದ ಮಧ್ಯೆ ನಗು ಬಂದುಬಿಡುತ್ತದೆ. ಮದುವೆಯ ಹಾಡು, ಗಣಪತಿ ಬಿಡುವ ಹಾಡು, ಹುಲಿವೇಷದ ಹೊಡೆತ ಎಲ್ಲವೂ ಒಂದರ ಬೆನ್ನಿಗೊಂದು ಬಂದವು. ಗುರುಸಿದ್ದಪ್ಪನವರು ಹಸಿಮೆಣಸಿನಕಾಯಿ ಕಚ್ಚಿ, ಕಣ್ಣೀರು ಸುರಿಸುತ್ತ ಕುಣಿದರು. ಜೋಯಿಸರು ಒಂದು ಕಾಲಿನ ಮೇಲೆ ನಿಂತು ಮಗ್ಗಿ ಹೇಳಿದರು; ಹದಿನೇಳರ ಮಗ್ಗಿಯಲ್ಲಿ ತಪ್ಪಿ, ಮತ್ತೆ ಎರಡರಿಂದ ಶುರುಮಾಡಿದರು. ನನ್ನ ಶಾಲೆಯ ಮಕ್ಕಳಿಗೆ ತೂಕಡಿಸುವ ದೊಡ್ಡವರ ಕಿವಿ ಹಿಂಡುವ ಅಧಿಕಾರ ಕೊಟ್ಟಿದ್ದೆವು. ವರ್ಷಗಳ ಸೇಡನ್ನೆಲ್ಲ ಅವು ಎರಡು ಗಂಟೆಯಲ್ಲಿ ತೀರಿಸಿಕೊಂಡವು. ನನ್ನ ಕಿವಿಯೂ ಎರಡು ಸಲ ಕೆಂಪಾಯಿತು. ಸಂಕಮ್ಮಜ್ಜಿ ನಿದ್ದೆ ಬಂದವರ ಕೊರಳಿಗೆ ತಣ್ಣೀರು ಚಿಮುಕಿಸುತ್ತ, "ಏಳ್ರೋ, ಹೋದಮೇಲೆ ಮಲಗೋದು ಇದ್ದೇ ಇದೆ" ಎಂದು ತಿರುಗುತ್ತಿದ್ದಳು. ಶೆಟ್ಟರು ಹೆಂಡತಿಯ ಜೊತೆ ಕುಣಿಯುವುದನ್ನು ನಮ್ಮ ಊರು ಮೊದಲ ಸಲ ನೋಡಿತು. ಮೂರೂವರೆಯ ಹೊತ್ತಿಗೆ ನಗುವಿಗೆ ಕಾರಣವೇ ಬೇಕಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಾಲ್ಕಕ್ಕೆ ಶಾಲೆಯ ಗಂಟೆ ಹೊಡೆಯಿತು. ಎಲ್ಲರೂ ಮನೆಗಳತ್ತ ಓಡಿದರು. ಬೀದಿಬೀದಿಯಿಂದ ಕೇಕೆ ಕೇಳಿತು. "ಇಲ್ಲೇ ಇದೆ! ನಮ್ಮದು ಇಲ್ಲೇ ಇದೆ!" ಜೋಯಿಸರು ತಮ್ಮ ಮನೆಯ ಗೋಡೆಯನ್ನು ತಬ್ಬಿಕೊಂಡರು. ಅಷ್ಟರಲ್ಲಿ ಫ್ಲೋರಿನಮ್ಮನ ಗಾಡಿ ಬಂತು. ಚುಕ್ಕೆ ನೋಡಿ ಪೆಟ್ಟಿಗೆ ಇಳಿಸುತ್ತ ಹೋದಳು, ಹೆಸರು ಓದಿದವರು ಕುಣಿಯುತ್ತ ಹೋದರು. ಎಲ್ಲಾ ಮುಗಿಸಿ ಕೊನೆಯ ಪೆಟ್ಟಿಗೆ ಹಿಡಿದು ನಮ್ಮ ಜಾಗಕ್ಕೆ ಬಂದವಳು ಹಾಗೇ ನಿಂತಳು. ನಾನೂ ಅಣ್ಣನೂ ಓಡಿ ಬಂದು ಅವಳ ಪಕ್ಕದಲ್ಲಿ ನಿಂತೆವು.

ನಮ್ಮ ಮನೆ ಇರಲಿಲ್ಲ. ಬಟ್ಟೆ ಒಣಗಿಸುವ ತಂತಿಯ ಮೇಲೆ ಅಣ್ಣನ ಬ್ಯಾಂಡಿನ ಕೆಂಪು ಕೋಟು ಮಾತ್ರ ಗಾಳಿಗೆ ಕೈ ಬೀಸುತ್ತಿತ್ತು.

"ಇವಳೆಲ್ಲಿ?" ಎಂದ ಅಣ್ಣ. ಆಗ ನನಗೆ ನೆನಪಾಯಿತು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಅತ್ತಿಗೆ, "ಬ್ಯಾಂಡಿನೋರ ಬಾಯಿ ಒಣಗಿದೆ, ಮನೇಲಿ ಮಜ್ಜಿಗೆ ಇದೆ, ತರ್ತೀನಿ" ಎಂದು ಹೋಗಿದ್ದಳು.

ಅಣ್ಣ ಒಂದು ಬೀದಿಗೆ ಓಡಿದ, ನಾನು ಇನ್ನೊಂದಕ್ಕೆ. ಸುದ್ದಿ ತಿಳಿದವರೆಲ್ಲ ಹಿಂದೆ ಬಂದರು. ಹೊಸ ಪೆಟ್ಟಿಗೆಯನ್ನು ಎಲ್ಲಿಡಬೇಕೋ ತಿಳಿಯದೆ ಬಗಲಲ್ಲೇ ಇಟ್ಟುಕೊಂಡು ಬಂದರು. ಫ್ಲೋರಿನಮ್ಮ ಮೊದಲ ಸಲ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ಊರನ್ನು ನೋಡಿದಳು. ಅವಳೇ ಮೊದಲು ಕಂಡದ್ದು. "ಅಗೋ, ಅಲ್ಲಿ ಮೇಲೆ!" ಯಾವ ಮನೆಯೂ ಎಂದೂ ಹೋಗಿರದ ಬೋಳುಗುಡ್ಡದ ನೆತ್ತಿಯಲ್ಲಿ ನಮ್ಮ ಹಸಿರು ಬಾಗಿಲು ಕಾಣುತ್ತಿತ್ತು.

ಅಣ್ಣ ಎಲ್ಲರಿಗಿಂತ ಮುಂಚೆ ಹತ್ತಿ ಒಳಗೆ ಹೋದ. ನಾನು ಏದುಸಿರು ಬಿಡುತ್ತ ಬಾಗಿಲಿಗೆ ಬಂದಾಗ ಅವನು ನೆಲದ ಮೇಲೆ ಕೂತಿದ್ದ. ಅತ್ತಿಗೆ ಮಜ್ಜಿಗೆಯ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಗೆ ಒರಗಿ ನಿದ್ದೆಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಕೆನ್ನೆಯ ಮೇಲೆ ಒಬ್ಬಟ್ಟಿನ ಹಿಟ್ಟು ಹಾಗೇ ಒಣಗಿತ್ತು. ಅಣ್ಣ ಪಾತ್ರೆಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟ. ನಾನು ಹಿಂದಿನವರಿಗೆ ಬೆರಳು ತೋರಿಸಿದೆ, ಅವರು ತಮ್ಮ ಹಿಂದಿನವರಿಗೆ. ಹಾಗೆ ಆ ಸುಮ್ಮನಿರುವಿಕೆ ಗುಡ್ಡ ಇಳಿಯುತ್ತ ಕೆಳಗಿನ ಕೊನೆಯ ಮನುಷ್ಯನ ತನಕ ಹೋಯಿತು. ಬಾಬಾಜಾನ್ ಡೋಲನ್ನು ಮಗುವಿನಂತೆ ಎದೆಗೆ ಅವುಚಿಕೊಂಡ. ಮಧ್ಯಾಹ್ನವೆಲ್ಲ ಕಿರುಚಿದ ಊರು ಪೆಟ್ಟಿಗೆಗಳ ಮೇಲೆ ಕೂತು, ಕೆಮ್ಮು ಬಂದರೂ ಸೆರಗು ಒತ್ತಿಕೊಂಡು, ಒಬ್ಬಳ ನಿದ್ದೆ ಕಾಯಿತು.

ಆರು ಗಂಟೆಗೆ ಅತ್ತಿಗೆ ಕಣ್ಣು ಬಿಟ್ಟಳು. ಎದುರಿಗೆ ಗಂಡ, ಬಾಗಿಲಲ್ಲಿ ನಾನು, ಹೊರಗೆ ಗುಡ್ಡದ ತುಂಬ ಜನ. ದಡಬಡಿಸಿ ಎದ್ದು ಸೆರಗು ಸರಿಮಾಡಿಕೊಂಡವಳು ಮೊದಲು ಕೇಳಿದ್ದು, "ಎಲ್ಲರ ಪೆಟ್ಟಿಗೆ ಸರಿಯಾಗಿ ಬಂತಾ?"

"ಎಲ್ಲರದೂ ಬಂತು. ನಮ್ಮ ಮನೆ ಒಂದು ಬಿಟ್ಟು" ಎಂದ ಅಣ್ಣ.

ಅವಳು ಕಿಟಕಿಯಿಂದ ಕೆಳಗೆ ನೋಡಿದಳು. ಊರು ಅಷ್ಟು ದೂರದಲ್ಲಿ ಅಂಗೈಯಷ್ಟು ಕಾಣುತ್ತಿತ್ತು. ಮೊದಲು ಕೈಯಿಂದ ಬಾಯಿ ಮುಚ್ಚಿಕೊಂಡಳು, ಆಮೇಲೆ ತಡೆಯಲಾರದೆ ನಕ್ಕಳು. ಅದನ್ನೇ ಕಾಯುತ್ತಿದ್ದ ಗುಡ್ಡವೂ ನಕ್ಕಿತು. ಅವಳು ಫ್ಲೋರಿನಮ್ಮ ಹೊತ್ತು ತಂದಿದ್ದ ನಮ್ಮ ಪೆಟ್ಟಿಗೆ ಹರಿದು, ಮನೆಯಲ್ಲಿ ತುಂಬಿಟ್ಟಿದ್ದ ಹಂಡೆ ನೀರು ಕಾಯಿಸಿ, ತಿಂಗಳಿಗೆಂದು ತರಿಸಿದ್ದ ಕಾಫಿಪುಡಿಯನ್ನೆಲ್ಲ ಅದಕ್ಕೆ ಸುರಿದಳು. ಅದು ಸಾಲದೆ ಜನ ತಮ್ಮ ತಮ್ಮ ಪೆಟ್ಟಿಗೆಗಳಿಂದ ಸಕ್ಕರೆ, ಹಾಲಿನಪುಡಿ, ಬಿಸ್ಕತ್ತು ತೆಗೆದು ಕೊಟ್ಟರು. ಮೂರು ತಿಂಗಳು ಒಂದೊಂದು ಚಮಚ ಅಳೆದವಳು ಆ ಸಂಜೆ ಏನನ್ನೂ ಅಳೆಯಲಿಲ್ಲ.

ಕಾಫಿ ಕುಡಿಯುತ್ತ ಹಿರಿಯರು ಮಾತಿಗೆ ಕೂತರು. ಮನೆಗಳು ನಿಂತೇಬಿಟ್ಟರೆ ಬೇಜಾರು, ಒಂದೇ ಮುಖ ಎಷ್ಟು ದಿನ ನೋಡುವುದು ಎಂದು ಸಂಕಮ್ಮಜ್ಜಿ ತಕರಾರು ತೆಗೆದಳು. ಕೊನೆಗೆ ಒಂದು ತಿಂಗಳು ಹೋಗುವುದು, ಒಂದು ತಿಂಗಳು ನಿಲ್ಲುವುದು ಎಂದು ತೀರ್ಮಾನವಾಯಿತು. ನಿಲ್ಲುವ ತಿಂಗಳಲ್ಲಿ ಎರಡು ತಿಂಗಳ ಸಾಮಾನು ತರಿಸಿಕೊಳ್ಳುವುದು. ಬ್ಯಾಂಡಿಲ್ಲದೆ ಎಚ್ಚರವಿರುವುದು ಯಾರಿಂದಲೂ ಆಗದ ಮಾತು ಎಂದು ಎಲ್ಲರಿಗೂ ಗೊತ್ತಿತ್ತು. ಗುರುಸಿದ್ದಪ್ಪನವರು ಅಣ್ಣನ ಕಡೆ ತಿರುಗಿ, "ಒಂದು ಭಾನುವಾರಕ್ಕೆ ಎಷ್ಟು ಕೊಡಬೇಕಪ್ಪಾ ನಿಮ್ಮ ಸೆಟ್ಟಿಗೆ? ಪುಕ್ಕಟೆ ನುಡಿಸಬೇಡಿ. ಈ ಆಷಾಢಕ್ಕೆ ಮುಂಗಡವನ್ನೂ ಕೊಡ್ತೀವಿ" ಎಂದರು. ಅಣ್ಣನಿಗೆ ಜೀವಮಾನದಲ್ಲಿ ಚೌಕಾಸಿ ಬಂದದ್ದಿಲ್ಲ. ಅವನು ಹೆಂಡತಿಯ ಮುಖ ನೋಡಿದ.

ಅತ್ತಿಗೆ ಸೌಟು ಕೆಳಗಿಟ್ಟಳು. "ಬಿಡಿಬಿಡಿಯಾಗಿ ಕರೆದ್ರೆ ಮದುವೆ ರೇಟು ಸಾರ್. ವರ್ಷಕ್ಕೆ ಚಂದಾ ಕಟ್ಟಿದ್ರೆ ನೂರಕ್ಕೆ ಹದಿನೈದು ಬಿಡ್ತೀವಿ." ಫ್ಲೋರಿನಮ್ಮ ನಕ್ಕು ನಕ್ಕು ಕಾಫಿಯನ್ನು ಸೀರೆಯ ಮೇಲೆ ಚೆಲ್ಲಿಕೊಂಡಳು.

ಮರುದಿನ ಬೆಳಿಗ್ಗೆ ಗಿರಣಿಗೆ ಹೋಗುವ ಬಸ್ಸು ಕೆಳಗೆ ಹಾರನ್ ಮಾಡಿ, ಸ್ವಲ್ಪ ಕಾದು, ಹೊರಟುಹೋಯಿತು. ನಾನು ಶಾಲೆಗೆ ಹೊರಟಾಗ ಅಣ್ಣ ಗುಡ್ಡದ ತುದಿಯ ಬಂಡೆಯ ಮೇಲೆ ಕೂತು ಬೆರಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಗುಡ್ಡದ ಮೇಲೆ ನೀರಿಲ್ಲ. ಅತ್ತಿಗೆ ಎರಡು ಕೊಡ ಹಿಡಿದು ಇಳಿಯಲು ನಿಂತಿದ್ದಳು.

"ಒಂದು ಇಲ್ಲಿ ಕೊಡು" ಎಂದು ಅವನು ಎದ್ದ.

"ಬೆರಳು ನೋವಾಗುತ್ತೆ ಬಿಡಿ, ಮುಂದೆ ನುಡಿಸ್ಬೇಕಲ್ಲ."

"ಕೊಡ ಹಿಡಿದ್ರೆ ಏನೂ ಆಗಲ್ಲ ಕಣೇ" ಎಂದು ಅವನು ಕಸಿದುಕೊಂಡ. ಇಬ್ಬರೂ ಕಾಲು ಜಾರುತ್ತ, ಒಬ್ಬರ ತೋಳು ಒಬ್ಬರು ಹಿಡಿಯುತ್ತ, ದಾರಿಯೇ ಇಲ್ಲದ ಆ ಇಳಿಜಾರಿನಲ್ಲಿ ದಾರಿ ಮಾಡಿಕೊಂಡು ಇಳಿದರು. ತಿಂಗಳು ಮುಗಿಯುವ ಹೊತ್ತಿಗೆ ಅಲ್ಲೊಂದು ಕಾಲುದಾರಿ ಬಿದ್ದಿತ್ತು.